ಬಂಡೆಮ್ಮನ ಕೈಗುಣ

ಹೈದರಾಬಾದ್ ರಾಜ್ಯದ ಕೊನೆಯ ವರ್ಷಗಳ ಮಾತು. ಪೊಲೀಸ್ ಆಕ್ಷನ್ ಆಗಿ ಹೋಗಿತ್ತು. ನಿಜಾಮರ ಆಳ್ವಿಕೆ ಹೋಗಿತ್ತು, ಬಾವುಟ ಬದಲಾಗಿತ್ತು. ಕಮಲಾಪುರದಲ್ಲಿ ಗಂಟಲು ನೋವಿನ ಮದ್ದು ಮಾತ್ರ ಬದಲಾಗಿರಲಿಲ್ಲ. ಆ ಮದ್ದಿನ ಹೆಸರು ಬಂಡೆಮ್ಮ.

ಬಾಯಿಯ ಹಿಂಭಾಗದಲ್ಲಿ ಸಣ್ಣದೊಂದು ಮಾಂಸದ ತುಣುಕು ತೂಗಾಡುತ್ತದಲ್ಲ, ಅದಕ್ಕೆ ಕಿರುನಾಲಗೆ ಎನ್ನುತ್ತಾರೆ. ಮಗುವಿನ ಗಂಟಲು ನೋವಾದರೆ 'ಕಿರುನಾಲಗಿ ಬಿದ್ದದ' ಎನ್ನುವುದು ರೂಢಿ. ಬಿದ್ದದ್ದನ್ನು ಎತ್ತಬೇಕಲ್ಲ? ಊರ ಹೊರಗಿನ ಕೇರಿಯಲ್ಲಿ ಅದನ್ನು ಎತ್ತುವವಳು ಬಂಡೆಮ್ಮ. ತೋರುಬೆರಳನ್ನು ಉಪ್ಪಿನಲ್ಲಿ ಅದ್ದಿ, ಮಗುವಿನ ಬಾಯೊಳಗೆ ತೂರಿಸಿ, ಕಿರುನಾಲಗೆಯನ್ನು ಮೇಲಕ್ಕೆ ಒತ್ತುತ್ತಿದ್ದಳು. ಮಗು ಓಕರಿಸುತ್ತ ಅಳುತ್ತ ಓಡಿಹೋಗುತ್ತಿತ್ತು. ಬಂಡೆಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದಳು.

"ಬಂಡೆಮ್ಮಾಯಿ ಕೈಗುಣ ಭಾರಿ ಅದ" ಎಂದು ಕೇರಿಯೆಲ್ಲ ಹೊಗಳುತ್ತಿತ್ತು. ಗಂಟಲು ನೋವು ಬಹಳ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಬೆರಳಿಗೆ ಬರುತ್ತಿತ್ತು. ಆ ಕೈ ತೊಳೆದದ್ದು ಯಾವಾಗ ಎಂದು ಒಬ್ಬರೂ ಕೇಳಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎನ್ನುವುದು ಹೊಲದ ಮಾತು. ಗಂಟಲಿಗೆ ಆ ಮಾತು ನಡೆಯುವುದಿಲ್ಲ.

ಬಂಡೆಮ್ಮನಿಗೆ ಒಬ್ಬ ಮಗ, ಅಂಬಣ್ಣ. ಕಲಬುರ್ಗಿಯ ಬೇಳೆ ಮಿಲ್ಲಿನಲ್ಲಿ ಹಮಾಲಿ ಮಾಡಿಕೊಂಡು ಅಲ್ಲೇ ಇರುತ್ತಿದ್ದ. ಸೊಸೆ ಭೀಮಬಾಯಿ ಊರಲ್ಲೇ ಕೆಂಪು ಬಾಳೆಯ ತೋಟದಲ್ಲಿ ಕೂಲಿ ಮಾಡುತ್ತಿದ್ದಳು. ಮೊಮ್ಮಗಳು ಶೇವಂತಾ ಸಾಲಿಗೆ ಹೋಗುವ ಹುಡುಗಿ, ಮೊಮ್ಮಗ ಸೂರ್ಯಕಾಂತ ಇನ್ನೂ ಚಿಕ್ಕವನು.

ಒಂದು ಚಳಿಗಾಲ ಶೇವಂತಾಳಿಗೆ ಜ್ವರ ಬಂತು, ಗಂಟಲು ನೋಯಿತು. ಅಜ್ಜಿ ಬೆರಳು ಹಾಕಿದಳು. ಗಂಟಲು ಇಳಿಯಿತು, ಎಲ್ಲರೂ ಮರೆತರು. ಕೆಲವು ವಾರದ ಮೇಲೆ ಹುಡುಗಿಗೆ ಮತ್ತೆ ಜ್ವರ. ಈ ಸಲ ಮೊಣಕಾಲು ಊದಿಕೊಂಡು ಕೆಂಪಾಯಿತು. ಮೊಣಕಾಲು ಇಳಿಯಿತು ಎನ್ನುವಾಗ ಹಿಮ್ಮಡಿಯ ಗಂಟು ಊದಿತು, ಆಮೇಲೆ ಮುಂಗೈ. ಹುಡುಗಿ ನೀರಿನ ಕೊಡ ಎತ್ತಲಾರದೆ ಏದುಸಿರು ಬಿಡತೊಡಗಿದಳು.

"ಗಾಳಿ ಆಗ್ಯದ" ಎಂದಳು ಬಂಡೆಮ್ಮ. "ಕಾಲಿಂದ ಕೈಗೆ ತಿರಗ್ಯಾಡಾಕತ್ತದ ನೋಡು. ಗಾಳಿ ಬಿಟ್ರ ಮತ್ತ್ಯಾವ್ದು ಹಿಂಗ ತಿರಗ್ತದ? ಇನ್ನೊಂದು ತಾಯತ ಕಟ್ಟಸೂಣು."

"ತಾಯತ ಕಟ್ಟಿ ನೋಡಿದ್ವಿ ಅತ್ತಿ, ಏದುಸುರು ನಿಲ್ಲವಲ್ದು" ಎಂದಳು ಭೀಮಬಾಯಿ. "ನಾ ಕಲಬುರ್ಗಿ ದವಾಖಾನಿಗಿ ಒಯ್ತೀನಿ."

"ಅಲ್ಲಿ ಸೂಜಿ ಚುಚ್ಚತಾರ. ಹೆಣ್ಣು ಹುಡುಗಿ. ನಾಳಿ ಯಾರ ಮಾಡ್ಕೋತಾರ?"

"ಮದಿವಿ ಆಮ್ಯಾಲಿನ ಮಾತು. ಮೊದಲ ಹುಡುಗಿ ಬದುಕಲಿ."

ಮಗಳನ್ನು ಸೊಂಟಕ್ಕೆ ಒರಗಿಸಿಕೊಂಡು ಅವಳು ಮೋಟಾರು ನಿಲ್ಲುವಲ್ಲಿಗೆ ಹೊರಟಾಗ ಯಾರೋ ನಕ್ಕರು. "ಕೂಲಿ ಮಾಡಾಕಿಗಿ ದೊಡ್ಡ ದವಾಖಾನಿ ಬೇಕಂತ!"

ಭೀಮಬಾಯಿ ತಿರುಗಿ ನಿಂತಳು. "ಹೌದು, ಬೇಕು. ಕೂಲಿಯವರ ಎದಿ ಏನು ಬ್ಯಾರೆ ಮಾಡ್ಯಾರೇನು?"

ಮೋಟಾರು ಬಂತು, ತಾಯಿ ಮಗಳು ಹತ್ತಿದರು.

ದವಾಖಾನೆಯಲ್ಲಿ ಡಾಕ್ಟರು ಶೇವಂತಾಳ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು. ಹೃದಯದ ಸದ್ದು ಬದಲಾಗಿದೆ, ಹುಡುಗಿಯನ್ನು ಇಲ್ಲೇ ಮಲಗಿಸಬೇಕು ಎಂದರು. ಮುಂದಿನದನ್ನು ಬಿಡಿಸಿ ಹೇಳಿದವಳು ಅಲ್ಲಿನ ನರ್ಸು ಇಕ್ಬಾಲ್ ಬೇಗಂ. ಮನೆಯಲ್ಲಿ ಉರ್ದು, ದವಾಖಾನೆಯಲ್ಲಿ ನಮ್ಮ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿಸಿ ಬೈಯುವ ಹೆಂಗಸು.

"ಮೊದಲ ಗಂಟಲು ನೋವಾಗಿತ್ತೇನ್ರಿ ಈಕಿಗಿ?" ಎಂದು ಕೇಳಿದಳು.

"ಆಗಿತ್ರಿ ನರ್ಸಬಾಯಿ. ಅದು ಹೋಗಿ ಭಾಳ ದಿನ ಆಯ್ತು. ಗಂಟಲಿಗೂ ಮೊಣಕಾಲಿಗೂ ಏನ್ರಿ ಸಂಬಂಧ?"

"ಅದೇ ನೋಡ್ರಿ ಮಜಾ. ಕಣ್ಣಿಗಿ ಕಾಣದಷ್ಟು ಸಣ್ಣ ಹುಳ ಇರ್ತಾವ. ಒಬ್ಬರು ಕೆಮ್ಮಿದ್ರ, ಉಗುಳು ಸಿಡದ್ರ, ಇನ್ನೊಬ್ಬರ ಗಂಟಲಿಗಿ ಹೋಗ್ತಾವ. ನಮ್ಮ ಮೈಯಾಗ ಅವನ್ನ ಹೊಡಿಯಾಕ ಸಿಪಾಯಿ ಅವ. ಕೆಲವು ಮಕ್ಕಳ ಮೈಯಾಗ ಆ ಸಿಪಾಯಿ ಗುರುತು ತಪ್ಪತಾವ. ಹುಳ ಅಂತ ತಿಳದು ಕೈಕಾಲಿನ ಕೀಲಿಗಿ ಹೊಡಿತಾವ, ಹೃದಯಕ್ಕ ಹೊಡಿತಾವ." ಇಕ್ಬಾಲ್ ಬೇಗಂ ದನಿ ತಗ್ಗಿಸಿದಳು. "ಪೊಲೀಸ್ ಆಕ್ಷನ್ ಆದ ವರ್ಷ ನಾವೂ ನೋಡಿವಲ್ಲ ಭೀಮಬಾಯಿ, ಯಾರನ್ನೋ ಹುಡಕ್ಕೊಂಡು ಬಂದವರು ಯಾರನ್ನೋ ಹೊಡದು ಹೋದ್ರು. ಹಂಗೇ ಇದು."

ಭೀಮಬಾಯಿ ತಲೆಯಾಡಿಸಿದಳು. ಆ ಮಾತು ಅವಳಿಗೆ ಚೆನ್ನಾಗಿ ಅರ್ಥವಾಯಿತು.

"ಹೃದಯದಾಗ ಸಣ್ಣ ಬಾಗಿಲ ಅವ. ರಕ್ತ ಮುಂದ ಹೋಗಾಕ ತೆರಿತಾವ, ಹಿಂದ ಬರಲಾರದಂಗ ಮುಚ್ಕೋತಾವ. ಪೆಟ್ಟು ಬಿದ್ರ ಬಾಗಿಲ ಸರಿ ಮುಚ್ಚಂಗಿಲ್ಲ, ರಕ್ತ ಹಿಂದ ಸೋರ್ತದ. ಅದಕ್ಕ ಈಕಿಗಿ ಉಸುರು ಹತ್ತಾಕತ್ತದ."

"ವಾಸಿ ಆಗ್ತದೇನ್ರಿ?"

"ಕೆಟ್ಟ ಬಾಗಿಲ ಪೂರಾ ಮೊದಲಿನಂಗ ಆಗ್ತದಂತ ಹೇಳಾಕ ಬರಂಗಿಲ್ಲ. ಇನ್ನಷ್ಟು ಕೆಡಲಾರದಂಗ ತಡಿಬಹುದು. ಮತ್ತ ಗಂಟಲು ಕೆಟ್ರ ಮತ್ತ ಹೃದಯಕ್ಕ ಪೆಟ್ಟು. ಅದಕ್ಕ ಪೆನ್ಸಿಲಿನ್ ಸೂಜಿ. ಮೂರು ಸಂತಿ ಬಿಟ್ಟು ನಾಕನೇ ಸಂತಿಗೊಮ್ಮಿ ಕರಕೊಂಡು ಬರ್ರಿ. ಹುಡುಗಿ ಆರಾಮಾಗಿ ಕುಣದಾಡಿದ್ರೂ ಸೂಜಿ ಬಿಡಬ್ಯಾಡ್ರಿ. ವರ್ಷಾನುಗಟ್ಟಲೆ ಬೇಕು."

ಕೊನೆಗೆ ಭೀಮಬಾಯಿ ಅಂಜುತ್ತ ಕೇಳಿದಳು. "ಎದಿ ಬ್ಯಾನಿ ಅಂಟತದೇನ್ರಿ?"

"ಗಂಟಲು ಬ್ಯಾನಿ ಅಂಟತದ. ಹೃದಯದ ಬ್ಯಾನಿ ಅಂಟಂಗಿಲ್ಲ, ಬಿಲ್‌ಕುಲ್ ಅಂಟಂಗಿಲ್ಲ. ಮುಟ್ರಿ, ಅಪ್ಕೋರಿ, ಬಾಜೂಕ ಮಲಗಸ್ಕೋರಿ."

ಹುಡುಗಿ ಚೇತರಿಸಿಕೊಂಡು ಊರಿಗೆ ಬಂದಳು. ಬಂದ ದಿನವೇ ಬಂಡೆಮ್ಮ ಅವಳಿಗೆ ಅಲ್ಯುಮಿನಿಯಮ್ಮಿನ ಜರ್ಮನ್ ತಾಟು, ಒಂದು ಗ್ಲಾಸು ಬೇರೆ ಎತ್ತಿಟ್ಟಳು. ಸೂರ್ಯಕಾಂತ ಅಕ್ಕನ ಹತ್ತಿರ ಹೋದರೆ ಕೈ ಹಿಡಿದು ಎಳೆದಳು. ಪಕ್ಕದ ಮನೆಯ ಜುಬೇದಾ ಕೂಡ ಮಗಳು ಅಮೀನಾಳನ್ನು ಆಟಕ್ಕೆ ಕಳಿಸಲಿಲ್ಲ. ಎದೆಯ ರೋಗ ಎಂದರೆ ಎಲ್ಲರಿಗೂ ಕ್ಷಯವೇ ನೆನಪಾಗುತ್ತಿತ್ತು. ಕ್ಷಯ ಶ್ವಾಸಕೋಶದ್ದು, ಅದು ಹರಡುತ್ತದೆ. ಶೇವಂತಾಳದ್ದು ಹೃದಯದ್ದು. ಆ ವ್ಯತ್ಯಾಸ ಕೇರಿಗೆ ಯಾರೂ ಹೇಳಿರಲಿಲ್ಲ.

ತೋಟದಿಂದ ಬಂದ ಭೀಮಬಾಯಿ ಆ ತಾಟು ನೋಡಿದಳು. ಅವಳ ಮೈ ಉರಿಯಿತು.

"ಇದೇನು ಅತ್ತಿ?"

"ಬ್ಯಾರೆ ಇರ್ಲಿ ಅಂತ ಇಟ್ಟೀನಿ. ಅಂಟತದ."

"ಅಂಟು!" ಎಂದಳು ಭೀಮಬಾಯಿ. "ಅಂಟಂಗಿಲ್ಲಂತ ನರ್ಸಬಾಯಿ ಹೇಳ್ಯಾಳ. ಚಹಾದ ಹೋಟೆಲನ್ಯಾಗ ನಮ್ಮ ಕಪ್ಪು ಬ್ಯಾರೆ ಇಟ್ರು. ಬಾವ್ಯಾಗ ನಮ್ಮ ಕೊಡ ಇಳಸಗೊಡಲಿಲ್ಲ. ಮುಟ್ಟಬ್ಯಾಡ ಅನ್ನೋ ಮಾತು ಕೇಳೇ ನಾ ಬೆಳದೀನಿ, ನೀವೂ ಬೆಳದೀರಿ. ಊರು ಮಾಡಿದ್ದು ಸಾಲಲಿಲ್ಲಂತ ಈಗ ನಮ್ಮ ಮನ್ಯಾಗ ನಮ್ಮ ಹುಡುಗಿಗೇ ಬ್ಯಾರೆ ತಾಟು ಇಡ್ತೀರಿ? ನಾ ಒಪ್ಪಂಗಿಲ್ಲ!"

ಅವಳು ಅದೇ ತಾಟಿನಲ್ಲಿ ರೊಟ್ಟಿ ಹಾಕಿಕೊಂಡು ಮಗಳ ಜೊತೆ ಕುಳಿತು ಉಂಡಳು. ಬಂಡೆಮ್ಮ ಮುಖ ತಿರುಗಿಸಿಕೊಂಡು ಹೊರಗೆ ಹೋದಳು. ಮರುದಿನ ತಾಟು ಮತ್ತೆ ಬೇರೆಯೇ ಇತ್ತು. ಮುದುಕಿಯೂ ಹಟಮಾರಿ, ಸೊಸೆಯೂ ಹಟಮಾರಿ, ನಡುವೆ ಹುಡುಗಿ ಕುಗ್ಗಿಹೋದಳು. ಸೂಜಿಗೆ ಹೋಗುವುದನ್ನು ಮಾತ್ರ ಅವಳು ತಪ್ಪಿಸಲಿಲ್ಲ.

ಹೀಗಿರುವಾಗ ಅಮೀನಾಳಿಗೆ ಗಂಟಲು ನೋವು ಬಂತು. ಜುಬೇದಾ ಕರೆದುಕೊಂಡು ಬಂದಳು, ಬಂಡೆಮ್ಮ ಬೆರಳು ಹಾಕಿ ಎತ್ತಿದಳು. ಆ ಹೊತ್ತಿಗೆ ಸೂರ್ಯಕಾಂತನೂ ಗಂಟಲು ಹಿಡಿದುಕೊಂಡು ಅಳುತ್ತಿದ್ದ, ಮೈ ಸುಡುತ್ತಿತ್ತು. ಭೀಮಬಾಯಿ ಹಿತ್ತಲಲ್ಲಿ ನೀರು ತುಂಬುತ್ತಿದ್ದಳು. ಬಂಡೆಮ್ಮ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಉಪ್ಪಿನಲ್ಲಿ ಅದ್ದಿ ಮೊಮ್ಮಗನಿದ್ದ ಕೋಣೆಗೆ ಹೊರಟಳು.

ಬಾಗಿಲಲ್ಲಿ ಶೇವಂತಾ ನಿಂತಿದ್ದಳು. ಎರಡೂ ಕೈ ಚಾಚಿ ಚೌಕಟ್ಟು ಹಿಡಿದಿದ್ದಳು.

"ಸರಿ ಬಾಜೂಕ."

"ಸರಿಯಂಗಿಲ್ಲ ಆಯಿ."

"ಹುಡುಗ ಅಳಾಕತ್ತದ, ನಿನಗ ಕೇಳಸವಲ್ದೇನು?"

"ಕೇಳಸ್ತದ. ಅದಕ್ಕೇ ನಿಂತೀನಿ. ಆಯಿ, ನಿನ್ನ ಬೆರಳು ಮೊದಲ ಯಾರ ಬಾಯಾಗಿತ್ತು?"

"ಈಗ ನೋಡಿದಿಲ್ಲ? ಅಮೀನಾನ ಬಾಯಾಗ."

"ಅಮೀನಾಗ ಗಂಟಲು ಬ್ಯಾನಿ ಅದ. ಅದು ಅಂಟತದ. ಆ ಬೆರಳು ಈಗ ತಮ್ಮನ ಬಾಯಾಗ ಹಾಕ್ತಿ. ಹೋದ ಚಳಿಗಾಲ ನನ್ನ ಬಾಯಾಗ ಹಾಕಿದ್ದಿ. ಅದಕ್ಕ ಮೊದಲ ಯಾರ ಬಾಯಾಗಿತ್ತು ಆಯಿ?"

ಹೋದ ಚಳಿಗಾಲ ಕೇರಿಯಲ್ಲಿ ಎಷ್ಟು ಮಕ್ಕಳಿಗೆ ಗಂಟಲು ಕೆಟ್ಟಿತ್ತು ಎಂಬುದು ಬಂಡೆಮ್ಮನಿಗೆ ನೆನಪಿತ್ತು. ಎಲ್ಲರೂ ಅವಳ ಕಟ್ಟೆಗೇ ಬಂದಿದ್ದರು. ಅವಳು ತನ್ನ ಬೆರಳನ್ನೇ ನೋಡುತ್ತ ನಿಂತಳು.

"ಹಂಗಾದ್ರ ನಾನೇ ಏನವ್ವಾ? ನಿನ್ನ ಎದಿಗಿ ನಾನೇ...?"

"ನಿನ್ನಿಂದಲೇ ಬಂತಂತ ನಾ ಅನ್ನಂಗಿಲ್ಲ. ಸಾಲ್ಯಾಗ ಯಾರರೇ ಕೆಮ್ಮಿರಬಹುದು. ಆಗ ನಿನಗ ಗೊತ್ತಿದ್ದಿಲ್ಲ, ಆಯಿ." ಶೇವಂತಾ ಏದುಸಿರು ಬಿಡುತ್ತಿದ್ದಳು, ಚೌಕಟ್ಟು ಮಾತ್ರ ಬಿಡಲಿಲ್ಲ. "ಈಗ ಗೊತ್ತಾಗ್ಯದ. ಗೊತ್ತಾದ ಮ್ಯಾಲ ಹಾಕಿದ್ರ ನಾ ಬಿಡಂಗಿಲ್ಲ. ನನ್ನ ಎದಿ ಕೆಟ್ಟದ್ದು ಸಾಕು. ತಮ್ಮಂದು ಕೆಡಗೊಡಂಗಿಲ್ಲ!"

ಬಂಡೆಮ್ಮ ಉಪ್ಪಿನ ಬಟ್ಟಲು ಕೆಳಗಿಟ್ಟಳು. ಅವಳಿಗೆ ಅಳು ಬಂತು, ಬಿಕ್ಕಿಬಿಕ್ಕಿ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಕೂಗಿದಳು. "ಏ ಜುಬೇದಾ, ಅಮೀನಾನ ಎತ್ಕೋ! ಭೀಮಬಾಯಿ, ಹುಡುಗನ್ನ ಎತ್ಕೋ! ಮೋಟಾರ ಹೋಗೂದ್ರಾಗ ನಡೀರಿ, ನಾನೂ ಬರ್ತೀನಿ."

ಕಲಬುರ್ಗಿಯಲ್ಲಿ ಡಾಕ್ಟರು ಇಬ್ಬರು ಮಕ್ಕಳನ್ನೂ ನೋಡಿ ಮದ್ದು ಕೊಟ್ಟರು. ಬಂಡೆಮ್ಮ ನರ್ಸಿನ ಮುಂದೆ ನಿಂತು ತಾನೇ ಬಾಯಿ ಬಿಟ್ಟಳು. "ಕಿರುನಾಲಗಿ ಎತ್ತಾಕಿ ನಾನೇರಿ. ಕೇರಿ ಮಂದಿ ಕೈಗುಣ ಅಂತಿದ್ರು."

"ಕಿರುನಾಲಗಿ ಬೀಳಂಗಿಲ್ಲ ಬಡೀಮಾ, ಹುಳದಿಂದ ಊದ್ಕೋತದ ಅಷ್ಟೇ. ಬೆರಳು ಹಾಕಿದ್ರ ಇನ್ನಷ್ಟು ಹುಣ್ಣಾಗ್ತದ" ಎಂದಳು ಇಕ್ಬಾಲ್ ಬೇಗಂ. "ಕೇರಿ ಮಕ್ಕಳೆಲ್ಲ ಮೊದಲ ನಿಮ್ಮ ಹಂತೇಕೇ ಬರ್ತಾವ. ಅದೇ ನಿಮ್ಮ ಕೈಗುಣ. ಬಂದವನ್ನ ಇಲ್ಲಿಗಿ ಕಳಸ್ರಿ. ಗಂಟಲು ನೋವಿದ್ದ ಮಗುವಿನ ಗ್ಲಾಸು ಮದ್ದು ಹತ್ತೂ ತನಕ ಬ್ಯಾರೆ ಇಡ್ರಿ. ಕೆಮ್ಮೂವಾಗ ಬಾಯಿಗಿ ಅರಿವಿ ಹಿಡಸ್ರಿ. ನೋವು ಇಳದ್ರೂ ಮದ್ದು ಅರ್ಧಕ್ಕ ಬಿಡಸಬ್ಯಾಡ್ರಿ. ಮತ್ತ ಕೈ ತೊಳೀರಿ, ಸಾಬೂನ ಹಚ್ಚಿ."

"ಶೇವಂತಾನ ತಾಟು?"

"ಅದ್ಯಾಕ ಬ್ಯಾರೆ?"

ಮುದುಕಿ ತಲೆ ತಗ್ಗಿಸಿದಳು.

ಮರುದಿನ ಮುಂಜಾನೆ ಬಂಡೆಮ್ಮ ಕಟ್ಟೆಯ ಮೇಲೆ, ಇಡೀ ಕೇರಿ ನೋಡುವ ಹಾಗೆ ಕುಳಿತಳು. ಸಾಬೂನು ಹಚ್ಚಿ ಕೈ ತೊಳೆದಳು. ಶೇವಂತಾಳ ಜರ್ಮನ್ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯೆ ಹಾಕಿಸಿಕೊಂಡು ಮೊಮ್ಮಗಳನ್ನು ಕರೆದಳು. "ಬಾ, ಉಣ್ಣೂಣು." ಇಬ್ಬರೂ ಒಂದೇ ತಾಟಿನಲ್ಲಿ ಉಂಡರು.

"ಬಂಡೆಮ್ಮಾಯಿ, ಎದಿ ಬ್ಯಾನಿ ಅಂಟೀತು!" ಎಂದು ಯಾರೋ ಕೂಗಿದರು.

"ಅಂಟಂಗಿಲ್ಲ! ಅಂಟೂದು ನಿಮ್ಮ ಹುಡುಗನ ಗಂಟಲು ಬ್ಯಾನಿ. ರಾತ್ರೆಲ್ಲ ಕೆಮ್ಮೂದು ಕೇಳೀನಿ. ಅವನ್ನ ಕರಕೊಂಡು ಮೋಟಾರ ಹತ್ರಿ. ನನ್ನ ಬೆರಳು ಇನ್ಮ್ಯಾಲ ರೊಟ್ಟಿ ಮುರಿಯಾಕ ಅಷ್ಟೇ!"

ಜುಬೇದಾ ಅಮೀನಾಳನ್ನು ಮತ್ತೆ ಆಟಕ್ಕೆ ಬಿಟ್ಟಳು. ಶೇವಂತಾಳ ಹೃದಯದ ಬಾಗಿಲು ಪೂರ್ತಿ ಸರಿಹೋಗಲಿಲ್ಲ, ಆದರೆ ಇನ್ನಷ್ಟು ಕೆಡುವುದು ನಿಂತಿತು. ಸಂತೆ ಎಣಿಸಿ ಅವಳನ್ನು ಸೂಜಿಗೆ ಕರೆದೊಯ್ಯುವ ಕೆಲಸವನ್ನು ಬಂಡೆಮ್ಮ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಆರೋಗ್ಯದ ಪಾಠಕ್ಕೆ ಕುಳಿತ ಮಕ್ಕಳೇ, ಈ ಕಥೆಯನ್ನು ಪರೀಕ್ಷೆಗೆಂದು ಓದಬೇಡಿ, ಮನೆಗೆ ಒಯ್ಯಿರಿ. ಜ್ವರದ ಜೊತೆ ಗಂಟಲು ನೋವು ಬಂದರೆ ದವಾಖಾನೆಗೆ ತೋರಿಸಿ. ಎಲ್ಲ ಗಂಟಲು ನೋವೂ ಹೃದಯಕ್ಕೆ ಇಳಿಯುವುದಿಲ್ಲ, ಯಾವುದು ಇಳಿಯಬಹುದು ಎಂದು ಹೇಳುವವರು ಡಾಕ್ಟರು. ಕೊಟ್ಟ ಮದ್ದನ್ನು ಪೂರ್ತಿ ಮುಗಿಸಿ. ಕೆಮ್ಮುವಾಗ ಬಾಯಿ ಮುಚ್ಚಿಕೊಳ್ಳಿ, ಕೈ ತೊಳೆಯಿರಿ. ಜ್ವರ ಬಂದು ಕೀಲು ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿದರೆ, ಸುಮ್ಮನೆ ನಡೆದರೂ ಉಸಿರು ಹತ್ತಿದರೆ ಅಂದೇ ಹೊರಡಿ. ಹೃದಯದ ಕಾಯಿಲೆ ಇರುವ ಗೆಳತಿಯ ಪಕ್ಕ ಧೈರ್ಯವಾಗಿ ಕುಳಿತುಕೊಳ್ಳಿ, ಅದು ಅಂಟುವುದಿಲ್ಲ. ಇಷ್ಟಾದರೂ ಯಾರಾದರೂ ಉಪ್ಪು ಹಚ್ಚಿದ ಬೆರಳು ಎತ್ತಿಕೊಂಡು ಬಂದರೆ ಬಾಗಿಲಲ್ಲಿ ನಿಲ್ಲಿ. ಎಷ್ಟೇ ದೊಡ್ಡವರಿರಲಿ, ಕೇಳಿ: ಈ ಬೆರಳು ಮೊದಲು ಯಾರ ಬಾಯಲ್ಲಿತ್ತು?