ತೊಂಬತ್ತೆರಡು ಎಂದು ಬರೆದಿದ್ದೆ

ಬೀಜಕ್ಕೆ ಜೀವವಿದೆಯೇ ಎಂದು ಅದರ ಮುಖ ನೋಡಿ ಹೇಳಲಾಗದು. ನೂರು ಕಾಳನ್ನು ಒದ್ದೆ ಕಾಗದದ ಮೇಲೆ ಹರಡಿ, ಮೂರು ವಾರ ಕಾದು, ಎಷ್ಟು ಮೊಳೆತವು ಎಂದು ಎಣಿಸಬೇಕು. ನಮ್ಮ ಬೀಜ ಭಂಡಾರದಲ್ಲಿ ಅದು ನನ್ನ ಕೆಲಸ. ಇಪ್ಪತ್ತು ವರ್ಷ ಮಾಡಿದ್ದೇನೆ. ಒಂದೇ ಒಂದು ಸಲ ಮಾತ್ರ ಮಾಡಲಿಲ್ಲ.

ಆ ಬೇಸಿಗೆ ಹಿಂದೆಂದೂ ಕಾಣದಂಥ ಬಿಸಿಲು. ಬೀಜವಿಡುವ ತಣ್ಣನೆ ಕೋಣೆಯ ಯಂತ್ರ ಕೆಟ್ಟು ನಾಲ್ಕು ದಿನ ನಿಂತಿತು. ರಿಪೇರಿಯಾದ ಮೇಲೆ ಮುನ್ನೂರು ಡಬ್ಬಿಗಳನ್ನೂ ಪರೀಕ್ಷಿಸಬೇಕಿತ್ತು. ಇನ್ನೂರ ಎಂಬತ್ತರ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಕಲ್ಲುಗುಡ್ಡದ ನೀಲಿ ಹೂವಿನ ಡಬ್ಬಿ ಕೈಗೆ ಬಂದಾಗ ಪರೀಕ್ಷೆಯ ಪುಸ್ತಕದಲ್ಲಿ ಹಿಂದಿನ ಅಂಕಿ ನೋಡಿದೆ. ತೊಂಬತ್ತೆರಡು. ಗಟ್ಟಿ ಬೀಜ, ಇದಕ್ಕೇನಾಗುತ್ತದೆ ಎಂದುಕೊಂಡು ಅದನ್ನೇ ಬರೆದು ಸಹಿ ಹಾಕಿದೆ. ಮನೆಯಲ್ಲಿ ಯಾರಿಗೂ ಜ್ವರವಿರಲಿಲ್ಲ, ಯಾರೂ ಅವಸರ ಮಾಡಿರಲಿಲ್ಲ. ಸೋಮಾರಿತನ, ಅಷ್ಟೇ.

ಆ ಬೀಜ ಆಯ್ದು ತಂದುಕೊಟ್ಟವರು ಗಡ್ಡದಜ್ಜ. ಆ ಹೂವು ಇದ್ದದ್ದು ಅದೊಂದೇ ಗುಡ್ಡದಲ್ಲಿ. ಮರುವರ್ಷ ಗುಡ್ಡ ಕ್ವಾರಿಯವರ ಪಾಲಾದಾಗ ಅಜ್ಜ ಯಂತ್ರಗಳ ದಾರಿಗೆ ಅಡ್ಡವಾಗಿ ಮಡಚುವ ಕುರ್ಚಿಯೊಂದನ್ನು ಹಾಕಿಕೊಂಡು ಕೂತುಬಿಟ್ಟರು. ಕ್ವಾರಿಯವರು ಬೈದರು, ಬೇಡಿದರು, ಕೊನೆಗೆ ಚಹಾ ಕೊಟ್ಟರು. ಅಜ್ಜ ಚಹಾ ಕುಡಿದು ಅಲ್ಲೇ ಕೂತರು. ಹನ್ನೊಂದನೆಯ ದಿನ ನಮ್ಮ ಮುಖ್ಯಸ್ಥರು, ಹೂವಿನ ಬೀಜ ಭಂಡಾರದಲ್ಲಿ ಭದ್ರವಾಗಿದೆ ಎಂದು ಅಜ್ಜನಿಗೆ ತೋರಿಸಲು, ಪುಸ್ತಕ ಕೊಟ್ಟು ನನ್ನನ್ನು ಕಳಿಸಿದರು. ಅಜ್ಜ ಪುಸ್ತಕ ನೋಡಲಿಲ್ಲ, ನನ್ನನ್ನು ನೋಡಿದರು.

"ಬೀಜ ಚೆನ್ನಾಗಿದೆಯೇನಮ್ಮ?"

ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. "ನೂರಕ್ಕೆ ತೊಂಬತ್ತೆರಡು, ಅಜ್ಜ," ಎಂದೆ.

ಅಜ್ಜ ಎದ್ದರು. ಇನ್ನು ಇದು ಬೇಡ ಎಂದು ಕುರ್ಚಿ ಮಡಚಿ ನನ್ನ ಕೈಗೇ ಕೊಟ್ಟು ಮನೆಗೆ ನಡೆದರು. ಆ ಗುಡ್ಡ ಈಗ ಜಲ್ಲಿಯಾಗಿ ಯಾವುದೋ ರಸ್ತೆಯಡಿ ಬಿದ್ದಿದೆ.

ಈ ವರ್ಷ ಹೂವನ್ನು ಮತ್ತೆ ಬೆಳೆಸಲು ಬೇರೊಂದು ಗುಡ್ಡದಲ್ಲಿ ಜಾಗ ಸಿಕ್ಕಿತು. ಡಬ್ಬಿ ತೆರೆದು ನೂರು ಕಾಳು ಹರಡಿದೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರ ಬೂಷ್ಟು. ಉಳಿದಷ್ಟನ್ನೂ ಹರಡಿದೆ, ಒಂದೂ ಮೊಳೆಯಲಿಲ್ಲ. ಆ ದಿನಗಳಲ್ಲಿ ಯಾರಾದರೂ ಪುಸ್ತಕ ಎಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿಕೊಂಡವನ ಪಾಡು ನನ್ನದು. ಮುಖ್ಯಸ್ಥರೇ ನನಗೆ ಸಮಾಧಾನ ಹೇಳಿದರು. ಪರೀಕ್ಷೆಯಾದ ಮೇಲೆ ಸತ್ತಿರಬೇಕು, ನಿಮ್ಮದೇನು ತಪ್ಪಿದೆ ಎಂದರು. ಹೌದೆಂದು ಸುಮ್ಮನಿರಬಹುದಿತ್ತು. ಆಗಲಿಲ್ಲ. ಅವರಿಗೆ ನಿಜ ಹೇಳಿದೆ. ಆಮೇಲೆ ಅಜ್ಜನ ಮನೆಗೆ ಹೋದೆ.

ಕಿಟಕಿಯ ಬಳಿ ಅಜ್ಜ ಆರು ಕುಂಡಗಳಿಗೆ ಮಣ್ಣು ತುಂಬಿಸಿ ಇಟ್ಟಿದ್ದರು. ಸಸಿ ತಂದೆಯಾ ಎಂದು ನನ್ನ ಕೈ ನೋಡಿದರು.

"ಬೀಜ ಸತ್ತಿದೆ ಅಜ್ಜ. ಆ ಸಲ ನಾನು ಪರೀಕ್ಷೆನೇ ಮಾಡಿರ್ಲಿಲ್ಲ. ಹಳೇದನ್ನೇ ಬರೆದಿದ್ದೆ."

ಅಜ್ಜ ಒಂದು ಕುಂಡದ ಮಣ್ಣನ್ನು ಬೆರಳಿಂದ ಸಮ ಮಾಡಿದರು. ಬೈಯಲಿ ಎಂದು ಕಾಯುತ್ತಿದ್ದೆ.

"ಗೊತ್ತಿಲ್ಲ ಅಂದಿದ್ರೂ ಸಾಕಿತ್ತು. ನಾನು ಏಳ್ತಿರ್ಲಿಲ್ಲ," ಎಂದರು. ಆಮೇಲೆ, "ನನ್ನ ಕುರ್ಚಿ ತಂದ್ಕೊಡು," ಎಂದರು.

ಮರುದಿನ ತೆಗೆದುಕೊಂಡು ಹೋದೆ. ಬಾಗಿಲಲ್ಲೇ ಕೈನೀಡಿ ಕುರ್ಚಿ ಇಸಿದುಕೊಂಡರು. ಒಳಗೆ ಬಾ ಎನ್ನಲಿಲ್ಲ.