ಎಡಕ್ಕೇ ತಿರುಗುವ ಕಾರು

ಅವನನ್ನು ಮನೆಯಲ್ಲಿ ಕರೆಯುತ್ತಿದ್ದದ್ದು ಜಾಣ ಎಂದು. ಆ ಹೆಸರು ಕೊಟ್ಟವಳು ಅಮ್ಮ. ನಾಲ್ಕು ವರ್ಷದವನಿದ್ದಾಗ ಹಾಲಿನ ಕೆನೆಯನ್ನೆಲ್ಲ ಬಳಿದು ತಿಂದು, ಮಲಗಿದ್ದ ಅಕ್ಕನ ಬಾಯಿಗೆ ಒಂದಿಷ್ಟು ಒರೆಸಿ ಬಂದಿದ್ದನಂತೆ. ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿದ ಕೋತಿಯ ಕತೆ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಸ್ವಂತ ಬುದ್ಧಿ. ಕಳ್ಳತನ ಎಂದು ಎರಡು ಬಿಗಿಯಬೇಕಾದ ಅಮ್ಮ ‘ಎಷ್ಟು ಜಾಣ ನೋಡು’ ಎಂದು ನಕ್ಕಳು. ಅಲ್ಲಿಗೆ ಹುಡುಗ ಕೆಟ್ಟ.

ಈಗ ಅವನಿಗೆ ನಲವತ್ತರ ಹತ್ತಿರ. ಜೀವವಿಮೆ ಮಾರುವುದು ಕೆಲಸ. ಯಾರ ಮನೆಗೆ ಹೋದರೂ ಕುರ್ಚಿಯ ತುದಿಯಲ್ಲಿ ಕೂತು, ದನಿ ತಗ್ಗಿಸಿ, “ನಾಳೆ ನಿಮಗೇನಾದ್ರೂ ಆದ್ರೆ ಮನೆಯವರ ಗತಿ ಏನು, ಯೋಚನೆ ಮಾಡಿದ್ದೀರಾ?” ಎಂದು ಕೇಳಿದನೆಂದರೆ ಮನೆಯೊಡತಿಯ ಕಣ್ಣು ಒದ್ದೆಯಾಗುತ್ತಿತ್ತು, ಯಜಮಾನನ ಕೈ ಪೆನ್ನು ಹುಡುಕುತ್ತಿತ್ತು. ಪರರ ಪ್ರಾಣದ ಬಗ್ಗೆ ಅಷ್ಟು ಕಳಕಳಿ.

ಅವನ ಹಳೆಯ ಕಾರು ಒಂದು ದಿನ ಗುಂಯ್ ಎನ್ನತೊಡಗಿತು. ನಿಧಾನ ಹೋದರೆ ಇಲ್ಲ, ವೇಗ ಹೆಚ್ಚಿದಂತೆ ಗುಂಯ್. ಬಲಕ್ಕೆ ತಿರುಗಿಸಿದರಂತೂ ಹಿಟ್ಟಿನ ಗಿರಣಿಯೇ. ಮೆಕ್ಯಾನಿಕ್ ಜಾಕ್ ಕೊಟ್ಟು ಎತ್ತಿ, ಮುಂದಿನ ಎಡಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಕಟಕಟ ಎಂದಿತು.

“ಬೇರಿಂಗ್ ಹೋಗಿದೆ. ಎಡಗಡೇದು ನೋಡಿ, ಬಲಕ್ಕೆ ತಿರುಗಿಸಿದಾಗ ಭಾರವೆಲ್ಲ ಇದರ ಮೇಲೇ ಬೀಳುತ್ತೆ, ಅದಕ್ಕೇ ಕಿರುಚ್ತಿದೆ. ಹೀಗೇ ಓಡ್ಸಿದ್ರೆ ಒಂದಿನ ಚಕ್ರ ಒಂದು ದಾರಿ ಹಿಡಿಯುತ್ತೆ, ನೀವು ಒಂದು ದಾರಿ. ಬದಲಾಯಿಸಿಬಿಡ್ಲಾ?”

“ಬೇಡ ಬಿಡಪ್ಪ,” ಎಂದ ಜಾಣ. “ಮಾರೋ ಎಮ್ಮೆಗೆ ಯಾರಾದ್ರೂ ಹಿಂಡಿ ಹಾಕ್ತಾರಾ?”

ಹೊಸ ಕಾರಿಗೆ ಅವನು ಆಗಲೇ ಮುಂಗಡ ಕೊಟ್ಟಾಗಿತ್ತು. ಹಳೆಯದನ್ನು ಯಾರಾದರೂ ಗುರುತಿಲ್ಲದವನ ತಲೆಗೆ ಕಟ್ಟುವ ಯೋಚನೆ. ಆದರೆ ಸುದ್ದಿ ಕೇಳಿ ಮೊದಲು ಓಡಿಬಂದವಳು ಅಕ್ಕ. ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿಗೆ ಬಸ್ಸು ಸಿಗದೆ ಒದ್ದಾಡುತ್ತಿದ್ದಳು. “ಬೇರೆಯವರ ಹತ್ರ ಹಳೇ ಗಾಡಿ ತಗೊಂಡು ಮೋಸ ಹೋಗೋದಕ್ಕಿಂತ ನಿಂದೇ ಕೊಡೋ. ನಮ್ಮ ಹುಡುಗ ಅಂದ್ರೆ ನಂಬಿಕೆ,” ಎಂದಳು. ಅಮ್ಮ ಪಕ್ಕದಲ್ಲೇ ಕೂತು ತಲೆದೂಗಿದಳು.

ಹೇಳಬಹುದಿತ್ತು. ಇದೊಂದು ರಿಪೇರಿ ಇದೆ ಅಕ್ಕಾ, ಮಾಡಿಸಿಕೊಡುತ್ತೇನೆ ಎಂದಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಜಾಣರಿಗೆ ನೆಟ್ಟಗಿನ ದಾರಿ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತದೆ.

ಗಾಡಿ ನೋಡಲು ಭಾವ ಬಂದ. ಔಷಧಿ ಅಂಗಡಿ ಇಟ್ಟುಕೊಂಡಿದ್ದ, ಬಾಯಿಗೆ ಬೆರಳಿಟ್ಟರೂ ಕಚ್ಚದ ಮನುಷ್ಯ. ಜಾಣ ಅವನನ್ನು ಕೂರಿಸಿಕೊಂಡು ಪಾರ್ಕಿನ ಸುತ್ತ ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ಗಾಣದೆತ್ತಿನಂತೆ ಸುತ್ತಿಸಿದ. ಹಾಡು ಕಿವಿ ಒಡೆಯುವಷ್ಟು ಜೋರಿತ್ತು.

“ಈ ಗಾಡಿಗೆ ಹಾಡು ಇರಬೇಕು ಭಾವ. ಆಗಲೇ ಅದರ ಮಜಾ,” ಎಂದ. ಭಾವ ಹೂಂ ಎಂದ. ವ್ಯಾಪಾರ ಮುಗಿಯಿತು.

ಮೊದಲ ವಾರ ಅಕ್ಕನ ಫೋನು ಬಂದಾಗಲೆಲ್ಲ ಜಾಣ ಎತ್ತಲು ಹೆದರುತ್ತಿದ್ದ. ಎರಡನೆಯ ವಾರ ಹೆದರಿಕೆ ಕಡಿಮೆಯಾಯಿತು. ಆಮೇಲೆ ಮರೆತೇಹೋಯಿತು. ಮನುಷ್ಯ ಎಲ್ಲಕ್ಕೂ ಒಗ್ಗಿಕೊಳ್ಳುತ್ತಾನೆ, ಬೇರೆಯವರಿಗೆ ಬರುವ ಅಪಾಯಕ್ಕಂತೂ ಬಲು ಬೇಗ ಒಗ್ಗಿಕೊಳ್ಳುತ್ತಾನೆ.

ಮೂರು ತಿಂಗಳ ಮೇಲೆ ಅಮ್ಮನ ಕಣ್ಣಿನ ಪೊರೆ ತೆಗೆಸುವುದೆಂದಾಯಿತು. ಆಸ್ಪತ್ರೆ ಬೆಟ್ಟದಾಚೆಯ ಪಟ್ಟಣದಲ್ಲಿ. ಜಾಣ ತನ್ನ ಹೊಸ ಕಾರು ತರುತ್ತೇನೆಂದ.

“ಬೇಡಪ್ಪ,” ಎಂದಳು ಅಮ್ಮ. “ನಿನ್ನ ಹೊಸ ಕಾರಲ್ಲಿ ಕೂರೋದು ಅಂದ್ರೆ ಬಾವಿಗೆ ಇಳಿದ ಹಾಗೆ. ನನ್ನ ಮಂಡಿ ತಡೆಯಲ್ಲ. ಹಳೇದರಲ್ಲೇ ಹೋಗೋಣ, ಅಕ್ಕ ಓಡಿಸ್ತಾಳೆ. ನೀನು ಮುಂದೆ ಕೂತ್ಕೋ. ಅದರ ಗುಣ ನಿಂಗೆ ಗೊತ್ತಲ್ಲ.”

ಗೊತ್ತಿತ್ತು. ಅದೇ ಗ್ರಹಚಾರ. ಜ್ವರ ಅಂದ, ಕೆಲಸ ಅಂದ. “ನೀನು ಬರದಿದ್ರೆ ಆಪರೇಷನ್ನೂ ಬೇಡ,” ಎಂದು ಅಮ್ಮ ಕೂತೇಬಿಟ್ಟಳು. ಕೊನೆಗೆ ಜಾಣ ತಾನು ಮಾರಿದ ಕಾರಿನ ಮುಂದಿನ ಸೀಟಿನಲ್ಲಿ, ತಾನು ಮುಚ್ಚಿಟ್ಟ ಚಕ್ರದ ಪಕ್ಕದಲ್ಲೇ ಕೂತ. ಹಿಂದೆ ಅಮ್ಮ, ಭಾವ. ಅಕ್ಕ ಮೊದಲು ಮಾಡಿದ ಕೆಲಸ ಹಾಡು ಜೋರು ಮಾಡಿದ್ದು.

“ಸ್ವಲ್ಪ ಕಮ್ಮಿ ಮಾಡಕ್ಕಾ.”

“ಆಹಾ, ನೀನೇ ತಾನೇ ಹೇಳಿದ್ದು, ಈ ಗಾಡಿಗೆ ಹಾಡು ಇರಬೇಕು ಅಂತ?”

ಬಯಲಿನ ರಸ್ತೆ ಹೇಗೋ ಕಳೆಯಿತು. ಬೆಟ್ಟದ ರಸ್ತೆ ಶುರುವಾದದ್ದೇ ತಡ, ಜಾಣನ ಅಂಗಾಲು ನೆಲದಿಂದ ಮೇಲೆದ್ದಿತು. ಹಾಡಿನಲ್ಲಿ ಏನೂ ಕೇಳುತ್ತಿರಲಿಲ್ಲ, ಆದರೆ ಅವನಿಗೆ ಕೇಳುತ್ತಿತ್ತು: ಗುಂಯ್, ಕಟಕಟ. ಬಲತಿರುವು ಬಂದಾಗಲೆಲ್ಲ ಬಾಗಿಲಿನ ಹಿಡಿಯನ್ನು ಅಪ್ಪಿಕೊಂಡ. ಎಡತಿರುವು ಬಂದರೆ ಉಸಿರು ಬಿಟ್ಟ.

“ಯಾಕೋ, ಗಂಡನ ಮನೆಗೆ ಹೊರಟ ಹುಡುಗಿ ಥರ ಬಾಗಿಲು ಹಿಡ್ಕೊಂಡಿದ್ದೀಯ?” ಎಂದಳು ಅಕ್ಕ.

“ನಿಲ್ಸಕ್ಕಾ, ಒಂದಕ್ಕೆ ಅವಸರ ಆಗಿದೆ.”

ಇಳಿದು, ಅವಸರ ಮುಗಿಸಿದವನಂತೆ ನಟಿಸಿ, ಬರುವಾಗ ಬಗ್ಗಿ ಚಕ್ರದ ನಡುವೆ ಕೈಯಿಟ್ಟ. ಬೆಚ್ಚಗಿತ್ತು. ಬಿಸಿಲಿಗೋ, ಬೇರಿಂಗಿಗೋ? ಬೆವರು ಕಿವಿಯ ಹಿಂದೆ ಇಳಿಯಿತು. ಭಾವ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದ.

“ಬಾರಪ್ಪ, ಹೆದರಬೇಡ. ಗಾಡಿ ಚೆನ್ನಾಗಿದೆ,” ಎಂದ.

ಪಾಪ, ಇವನಿಗೇನು ಗೊತ್ತು ಎಂದುಕೊಂಡ ಜಾಣ. ಎಲ್ಲರೂ ಬಸ್ಸಿಗೆ ಹೋಗೋಣವೆಂದ. ಬೆಟ್ಟದ ನಡುವೆ ಬಸ್ಸನ್ನು ನಿನ್ನ ತಾತ ನಿಲ್ಲಿಸುತ್ತಾನಾ ಎಂದಳು ಅಮ್ಮ. ಕಾರು ಮತ್ತೆ ಹೊರಟಿತು.

ಮುಂದೆ ಬಂದದ್ದು ಬೆಟ್ಟದ ಅತಿ ದೊಡ್ಡ ಬಲತಿರುವು. ಎಡಗಡೆ ಪ್ರಪಾತ. ಎದುರಿಗೊಂದು ಲಾರಿ. ಅಕ್ಕ ಸ್ಟೀರಿಂಗ್ ತಿರುಗಿಸಿದಳು. ಜಾಣ ಎರಡೂ ಕಾಲು ಸೀಟಿನ ಮೇಲೆಳೆದುಕೊಂಡು ಕಿರುಚಿದ.

“ಅಕ್ಕಾ, ನಿಲ್ಸು! ಚಕ್ರ ಕಿತ್ಕೊಂಡು ಹೋಗುತ್ತೆ! ಬೇರಿಂಗ್ ಹೋಗಿದೆ, ಎಡಗಡೆ ಮುಂದಿನದು!”

ಅಕ್ಕ ತಿರುವು ದಾಟಿಸಿ, ಗಾಡಿಯನ್ನು ಪಕ್ಕಕ್ಕೆ ಹಾಕಿ, ಹಾಡು ಆರಿಸಿದಳು.

“ಎಡಗಡೆ ಮುಂದಿನದೇ ಅಂತ ನಿಂಗೆ ಹೇಗೆ ಗೊತ್ತು?”

“ಮೆಕ್ಯಾನಿಕ್ ಹೇಳಿದ್ದ.”

“ಯಾವಾಗ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇವೆ. ಇಲ್ಲಿ ಕಳ್ಳ ಎಂದು ಯಾರೂ ಅಂದೇ ಇರಲಿಲ್ಲ, ಇವನು ಹೆಗಲನ್ನಷ್ಟೇ ಅಲ್ಲ, ಕಾಯಿಯನ್ನೇ ತಂದು ಎಲ್ಲರೆದುರು ಇಟ್ಟಿದ್ದ. “ನಿಮಗೆ ಕೊಡೋಕೆ ಮುಂಚೆ,” ಎಂದ ಜಾಣ.

ಹಿಂದಿನ ಸೀಟಿನಿಂದ ಭಾವ ನಿಟ್ಟುಸಿರು ಬಿಟ್ಟ.

“ಅಯ್ಯೋ ಮಾರಾಯ, ಸುಮ್ಮನೆ ಕೂತಿದ್ರೆ ಆಗ್ತಿರ್ಲಿಲ್ವಾ? ಅದನ್ನ ತಂದ ಮಾರನೇ ದಿನಾನೇ ಬದಲಾಯಿಸಿದ್ದೀನಿ. ಪಾರ್ಕಿನ ಸುತ್ತ ಏನೋ ನೀನು ಎಡಕ್ಕೇ ಸುತ್ತಿಸ್ದೆ. ಆದ್ರೆ ನಮ್ಮನೆಗೆ ಬರೋ ದಾರೀಲಿ ಒಂದು ಬಲತಿರುವು ಇದೆಯಲ್ಲಪ್ಪ.” ಆಮೇಲೆ ಹೆಂಡತಿಯ ಕಡೆ ತಿರುಗಿ, “ಅವತ್ತು ಪೆಟ್ರೋಲ್ ಹಾಕಿಸ್ಕೊಂಡು ಬರ್ತೀನಿ ಅಂತ ಹೋಗಿ ಮಧ್ಯಾಹ್ನ ಬಂದೆ, ನೀನು ಬೈದೆ. ಅದೇ ದಿನ. ತಮ್ಮ ಅಂದ್ರೆ ನಿಂಗೆ ಜೀವ. ಯಾಕೆ ಹೇಳ್ಬೇಕು ಅಂತ ಸುಮ್ಮನಾದೆ,” ಎಂದ.

ಜಾಣನಿಗೆ ಮೊದಲು ಆದದ್ದು ಸಮಾಧಾನ. ಕಾಲು ತಾನಾಗಿ ಕೆಳಗಿಳಿಯಿತು. “ಛೆ, ಮೊದಲೇ ಒಂದು ಮಾತು ಹೇಳಬಾರದಿತ್ತಾ ಭಾವ! ದಾರಿಯುದ್ದಕ್ಕೂ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ,” ಎಂದುಬಿಟ್ಟ.

“ಒಂದೇ ದಾರಿಗೆ ಹೀಗಾದೆಯಾ?” ಎಂದಳು ಅಕ್ಕ. ದನಿ ಏರಲಿಲ್ಲ. “ನಿನ್ನ ಲೆಕ್ಕದಲ್ಲಿ ನಾನು ಮೂರು ತಿಂಗಳಿಂದ ಇದೇ ಚಕ್ರದ ಮೇಲೆ ಪಾಳಿಗೆ ಹೋಗ್ತಿದ್ದೆ. ನೀನು ಕೂತಿರೋ ಸೀಟಲ್ಲಿ ನನ್ನ ಮಗಳು ಕೂತ್ಕೊಂಡು ಸ್ಕೂಲಿಗೆ ಹೋಗ್ತಾಳೆ. ನಾಳೆ ಏನಾದ್ರೂ ಆದ್ರೆ ಅಂತ ಊರಿಗೆಲ್ಲ ಕೇಳ್ಕೊಂಡು ತಿರುಗ್ತೀಯಲ್ಲೋ. ನಮ್ಮನ್ನ ಮಾತ್ರ ಕೇಳೋಣ ಅನ್ನಿಸಲಿಲ್ವಾ?”

ಜಾಣ ತಿರುಗಿ ಅಮ್ಮನನ್ನು ನೋಡಿದ. ಇಂಥ ಹೊತ್ತಿನಲ್ಲಿ ಯಾವಾಗಲೂ ಅವಳೇ ನಕ್ಕು ಕಾಪಾಡುತ್ತಿದ್ದಳು. ಅಮ್ಮ ಪೊರೆ ಬಂದ ಕಣ್ಣುಗಳಿಂದ ಅವನ ಮುಖವಿದ್ದ ಕಡೆ ನೋಡಿದಳು.

“ಅವತ್ತು ಆ ಕೆನೆ ಇವಳು ತಿಂದಿರ್ಲಿಲ್ಲ ಅಂತ ನಂಗೆ ಗೊತ್ತಿತ್ತು,” ಎಂದಳು. “ಆದರೂ ನಕ್ಕೆ. ಹಾಳಾದ ನಗು.”

ಅಕ್ಕ ಗಾಡಿ ಶುರು ಮಾಡಿದಳು. ಜಾಣನ ಕೈ ಹಾಡಿನ ಗುಂಡಿಯ ಕಡೆ ಹೋಯಿತು.

“ಬೇಡ,” ಎಂದಳು ಅಕ್ಕ. “ಈ ಗಾಡಿಗೆ ಹಾಡು ಬೇಕಾಗಿಲ್ಲ.”

ಆಮೇಲೆ ಆಸ್ಪತ್ರೆಯವರೆಗೂ ಯಾರೂ ಮಾತಾಡಲಿಲ್ಲ. ಬಲತಿರುವು ಬಂತು, ಎಡತಿರುವು ಬಂತು, ಮತ್ತೆ ಬಲತಿರುವು. ಏನಾದರೂ ಒಂದು ಸದ್ದು ಬರಬಾರದೇ ಎಂದು ಜಾಣ ಕಿವಿಗೊಟ್ಟು ಕೂತಿದ್ದ. ಕಾರು ತುಟಿಪಿಟಕ್ಕೆನ್ನದೆ ಹೋಗುತ್ತಿತ್ತು.