ಜಾನಕಮ್ಮ ಒಪ್ಪಿದ ಹಿಮ

ತಮಿಳುನಾಡಿನ ಗಡಿಯೂರು ಹೊಸೂರಿನ ಕನ್ನಡ ಶಾಲೆಯೊಂದರಲ್ಲಿ ಐದನೇ ತರಗತಿಗೆ ಪಾಠ ಹೇಳುತ್ತಿದ್ದ ವೆಂಕಟಲಕ್ಷ್ಮಿ ೧೯೮೩ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಹಿಮಾಲಯದ ಪಾಠ ತೆಗೆದಳು. ಎರಡು ಸಾಲು ಓದುವಷ್ಟರಲ್ಲಿ ಮುಂದಿನ ಬೆಂಚಿನ ಅಕ್ಕಯಮ್ಮ ಎದ್ದು ನಿಂತಳು.

"ಹಿಮ ಅಂದ್ರೆ ಏನು ಟೀಚರ್?"

"ಮಂಜು ಕಣೆ."

"ಮಂಜು ಇಲ್ಲೂ ದಿನಾ ಬೀಳ್ತದಲ್ಲ. ಈಗ ಬರ್ವಾಗ ಬೆಟ್ಟಾನೇ ಕಾಣ್ಸಲಿಲ್ಲ."

"ಆ ಮಂಜಲ್ಲ. ಇದು ಬಿಳೀ ಚೂರಿನ ಹಾಗೆ ಉದುರುತ್ತೆ. ಕೈಯಲ್ಲಿ ಹಿಡೀಬಹುದು."

"ನೀವು ಹಿಡಿದಿದ್ದೀರಾ?"

ಇಲ್ಲ ಎನ್ನದೆ ವೆಂಕಟಲಕ್ಷ್ಮಿಗೆ ಬೇರೆ ದಾರಿಯಿರಲಿಲ್ಲ. ಆದರೆ ಓದುವ ಕಾಲದಲ್ಲಿ ಬೆಂಗಳೂರಿನ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಕಂಡಿದ್ದೊಂದು ಅವಳ ನೆನಪಿಗೆ ಬಂತು. ನೀರು ತುಂಬಿದ ಗಾಜಿನ ಗುಂಡು, ಒಳಗೊಂದು ಪುಟ್ಟ ಮನೆ. ಅಂಗಡಿಯವನು ಅದನ್ನು ಅಲ್ಲಾಡಿಸಿದರೆ ಮನೆಯ ಮೇಲೆ ಹಿಮ ಸುರಿಯುತ್ತಿತ್ತು. ಜನವರಿಯಲ್ಲಿ ಕೃಷ್ಣಗಿರಿಯಲ್ಲಿ ಶಾಲಾ ಮಕ್ಕಳ ಕೈಕೆಲಸದ ಪ್ರದರ್ಶನವಿತ್ತು. ಇವರ ಶಾಲೆಯಿಂದ ಪ್ರತಿ ವರ್ಷ ಹೋಗುತ್ತಿದ್ದದ್ದು ಮಣ್ಣಿನ ಮಾವಿನಹಣ್ಣು, ಮಣ್ಣಿನ ಬಾಳೆಹಣ್ಣು. ಈ ಸಲ ಹಿಮ ಮಾಡೋಣ ಎಂದಳು. ಮರುದಿನವೇ ಮಕ್ಕಳು ಮನೆಮನೆಯಿಂದ ಖಾಲಿ ಹಾರ್ಲಿಕ್ಸ್ ಬಾಟ್ಲು ತಂದು ಮೇಜಿನ ಮೇಲೆ ಸಾಲಾಗಿ ಇಟ್ಟರು.

ಮೊದಲ ವಾರ ಎಲ್ಲವೂ ಕೆಟ್ಟಿತು. ದಾಸಪ್ಪ ಎಂಬ ಹುಡುಗ ಮಾಡಿ ತಂದ ಮಣ್ಣಿನ ಬಸವ ನೀರಿಗೆ ಬಿದ್ದ ಅರ್ಧ ಗಂಟೆಗೆ ಕರಗಿ ಕೆಸರಾಯಿತು. ಥರ್ಮಾಕೋಲು ಪುಡಿ ಮಾಡಿ ಹಾಕಿದರೆ ಬೀಳುವ ಬದಲು ಮೇಲೆ ತೇಲಿ ನಿಂತಿತು. ಪೌಡರು ಹಾಕಿದರೆ ಬಾಟ್ಲು ತುಂಬ ಹಾಲು. ಪೌಡರು ಹಾಕಿದ ಬಾಟ್ಲನ್ನು ವೆಂಕಟಲಕ್ಷ್ಮಿ ಸಂಜೆ ಮನೆಗೆ ತಂದು ಜಗಲಿಯ ಮೇಲಿಟ್ಟಳು.

ಅವಳ ಅತ್ತೆ ಜಾನಕಮ್ಮ ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಅರವತ್ತೆಂಟು ವರ್ಷದ, ಮಡಿಯ ಹೆಂಗಸು. ಈರುಳ್ಳಿ ಕೂಡ ಅವರ ಅಡುಗೆಮನೆಗೆ ಬರುತ್ತಿರಲಿಲ್ಲ. ಮಾತೂ ಕಡಿಮೆ.

"ಏನೇ ಅದು?"

"ಹಿಮ ಅತ್ತೆ. ಮಕ್ಕಳ ಹತ್ರ ಮಾಡಿಸ್ತಿದ್ದೀನಿ."

ಜಾನಕಮ್ಮ ಬಾಟ್ಲು ತಿರುಗಿಸಿ ನೋಡಿದರು. "ಇದು ಹಿಮ ಅಲ್ಲ. ಹಿಮ ಹೀಗೆ ಕಲಸಿಕೊಳ್ಳಲ್ಲ. ಒಂದೊಂದೇ ಬರುತ್ತೆ, ಅವಸರವೇ ಇಲ್ಲದೆ."

"ನಿಮಗೆ ಹೇಗೆ ಗೊತ್ತು?"

"ಬದರಿಗೆ ಹೋಗಿದ್ದೆವಲ್ಲ."

ಮದುವೆಯಾಗಿ ಬಂದು ಏಳು ವರ್ಷವಾದರೂ ವೆಂಕಟಲಕ್ಷ್ಮಿಗೆ ಇದು ಗೊತ್ತಿರಲಿಲ್ಲ. ಬದರಿಯಿಂದ ತಂದ ತೀರ್ಥದ ತಾಮ್ರದ ಗಿಂಡಿ ದೇವರ ಮನೆಯಲ್ಲಿತ್ತು. ಮಾವನವರು ಒಬ್ಬರೇ ಹೋಗಿ ತಂದಿರಬೇಕು ಎಂದುಕೊಂಡಿದ್ದಳು. ಅವಳು ಅತ್ತೆಯ ಪಕ್ಕದಲ್ಲಿ ಕೂತು, ಹೇಗಿತ್ತು ಹೇಳಿ ಎಂದಳು.

ಜಾನಕಮ್ಮ ಬತ್ತಿಯ ಹತ್ತಿಯನ್ನು ಮಡಿಲಲ್ಲಿ ಇಳಿಸಿದರು. "ಚಳಿಗಾಲ ಮುಗಿದು ಗುಡಿ ಬಾಗಿಲು ತೆರೆದ ವಾರ. ದರ್ಶನಕ್ಕೆ ನಿಂತಿದ್ದಾಗ ಶುರುವಾಯಿತು. ನಾನು ಯಾರೋ ಮೇಲಿಂದ ಹತ್ತಿ ಹಿಂಜುತ್ತಿದ್ದಾರೆ ಅಂದುಕೊಂಡೆ. ನಮ್ಮ ಯಜಮಾನರು ತಮ್ಮ ಶಾಲು ತೆಗೆದು ನನ್ನ ತಲೆ ಮೇಲೆ ಹಿಡಿದರು. ಅವರ ಮೀಸೆ ಪೂರ್ತಿ ಬೆಳ್ಳಗಾಗಿಹೋಯಿತು. ಅಷ್ಟು ಜನರ ಮಧ್ಯೆ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವರೂ ನಕ್ಕರು. ಹದಿನೇಳು ವರ್ಷವಾಯಿತು. ವಾಪಸ್ಸು ಬಂದ ಮೇಲೆ ಎಲ್ಲರೂ ಪ್ರಸಾದ ತಗೊಂಡರು, ದರ್ಶನ ಚೆನ್ನಾಗಾಯಿತಾ ಅಂದರು. ಹಿಮದ ವಿಷಯ ಯಾರೂ ಕೇಳಲಿಲ್ಲ."

ಮಾವನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ವೆಂಕಟಲಕ್ಷ್ಮಿ ಪೌಡರಿನ ಬಾಟ್ಲನ್ನು ಪಕ್ಕಕ್ಕೆ ಸರಿಸಿ, "ಹಾಗಾದ್ರೆ ಸರಿಯಾಗಿದೆಯೋ ಇಲ್ಲವೋ ನೀವೇ ಹೇಳಬೇಕು" ಎಂದಳು.

ಅಂದಿನಿಂದ ಪ್ರತಿ ಸಂಜೆ ಒಂದೊಂದು ಬಾಟ್ಲು ಜಗಲಿಗೆ ಬಂತು. ಜಾನಕಮ್ಮ ಕನ್ನಡಕ ಹಾಕಿಕೊಂಡು ಅಲ್ಲಾಡಿಸಿ ನೋಡಿ ತೀರ್ಪು ಕೊಡುತ್ತಿದ್ದರು. ತೆಂಗಿನತುರಿ: "ಇದು ಪಾಯಸ." ಹತ್ತಿಯ ಚೂರು: "ಇದು ಒದ್ದೆ ಬತ್ತಿ." ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳು ಮೊದಲು ಕೇಳುತ್ತಿದ್ದದ್ದೇ "ಅಜ್ಜಿ ಏನಂದ್ರು ಟೀಚರ್?" ಎಂದು.

ಕೊನೆಗೆ ದಾರಿ ಸಿಕ್ಕಿದ್ದು ಅಕ್ಕಯಮ್ಮನಿಗೆ. ಅವಳ ಅಪ್ಪ ಮುನಿಕೃಷ್ಣಪ್ಪ ಲಾರಿ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಎಂಟು ಕೋಳಿ. ಅವಳು ಮೊಟ್ಟೆಸಿಪ್ಪೆಯನ್ನು ಕುದಿಸಿ, ಒಳಗಿನ ತೆಳು ಪೊರೆ ಸುಲಿದು, ಒಣಗಿಸಿ, ಕುಟ್ಟಿ ಕಾಗದದ ಪೊಟ್ಟಣದಲ್ಲಿ ತಂದಳು. ಚಳಿಗೆ ಒಡೆದ ತುಟಿಗೆ ಹಚ್ಚಲು ತರಿಸಿದ್ದ ಗ್ಲಿಸರಿನ್ನನ್ನು, ಚೂರು ನಿಧಾನವಾಗಿ ಇಳಿಯಲೆಂದು, ವೆಂಕಟಲಕ್ಷ್ಮಿ ನೀರಿಗೆ ಬೆರೆಸಿದಳು. ಒಳಗಿಡಲು ಮಣ್ಣು ಬೇಡವೆಂದು ಮಕ್ಕಳು ಬೆಣಚುಕಲ್ಲು ಪೇರಿಸಿ ಊರಿನ ಬೆಟ್ಟ ಮಾಡಿದರು, ಬಳಪದ ತುಂಡು ಜೋಡಿಸಿ ಅದರ ಮೇಲಿನ ಗುಡಿ ಕಟ್ಟಿದರು. ಮುನಿಕೃಷ್ಣಪ್ಪ ಶಿಫ್ಟು ಮುಗಿಸಿಕೊಂಡು ನೇರ ಶಾಲೆಗೆ ಬಂದು ಎಲ್ಲವನ್ನೂ ಮುಚ್ಚಳದ ಒಳಮೈಗೆ ಅರಾಲ್ಡೈಟ್ ಎಂಬ ಗಟ್ಟಿ ಅಂಟು ಹಾಕಿ ಕೂರಿಸಿಕೊಟ್ಟ.

"ಒಂದಿನ ಮುಟ್ಟದಂಗೆ ಬುಟ್ಬುಡಿ ಟೀಚರಮ್ಮ. ಆಮೇಲೆ ಆನೆ ತುಳುದ್ರೂ ಬಿಡಾಕಿಲ್ಲ."

ಒಂದು ದಿನ ಬಿಟ್ಟು, ನೀರೂ ಸಿಪ್ಪೆಯ ಪುಡಿಯೂ ತುಂಬಿ, ಮುಚ್ಚಳ ಬಿಗಿದು, ಅದರ ಸುತ್ತಲೂ ಅರಾಲ್ಡೈಟು ಹಚ್ಚಿ, ಬಾಟ್ಲನ್ನು ತಲೆಕೆಳಗು ಮಾಡಿದರು. ಬೆಟ್ಟದ ಮೇಲೆ ಬಿಳಿಯ ಚೂರು ಇಳಿಯತೊಡಗಿತು, ಒಂದೊಂದೇ. ಮಕ್ಕಳೆಲ್ಲ ಬೆಂಚು ಬಿಟ್ಟು ಮೇಜಿನ ಸುತ್ತ ಮುತ್ತಿದರು.

ಆ ಭಾನುವಾರ ಅಕ್ಕಯಮ್ಮ, ದಾಸಪ್ಪ ಮತ್ತು ಇನ್ನಿಬ್ಬರು ಮಕ್ಕಳು ಟೀಚರ್ ಮನೆಗೆ ಬಂದರು. ಅಜ್ಜಿಯ ತೀರ್ಪನ್ನು ತಾವೇ ಕೇಳಬೇಕಿತ್ತು. ಜಾನಕಮ್ಮ ಬಾಟ್ಲನ್ನು ಮಡಿಲಲ್ಲಿಟ್ಟುಕೊಂಡು ಒಮ್ಮೆ ಅಲ್ಲಾಡಿಸಿದರು. ಚೂರು ಪೂರ್ತಿ ಇಳಿಯುವವರೆಗೂ ನೋಡಿದರು. ಮತ್ತೆ ಅಲ್ಲಾಡಿಸಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

"ಹೀಗೇ ಇತ್ತು" ಎಂದರು. "ಏನು ಹಾಕಿದಿರಿ ಇದಕ್ಕೆ?"

ಮೊಟ್ಟೆಯ ವಿಷಯ ವೆಂಕಟಲಕ್ಷ್ಮಿ ಅತ್ತೆಗೆ ಹೇಳಿರಲಿಲ್ಲ. ಸುಣ್ಣ ಎಂದುಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕಯಮ್ಮ ಹೆಮ್ಮೆಯಿಂದ ಹೇಳಿಬಿಟ್ಟಳು. "ಮೊಟ್ಟೆ ಸಿಪ್ಪೆ ಅಜ್ಜಿ. ನಮ್ಮನೆ ಕೋಳೀದೇಯ. ನಾನೇ ಕುಟ್ಟಿದ್ದು."

ಜಾನಕಮ್ಮ ಬಾಟ್ಲನ್ನು ನಿಧಾನವಾಗಿ ಜಗಲಿಯ ಮೇಲಿಟ್ಟು ಎದ್ದು ಒಳಗೆ ಹೋದರು. ಹಿತ್ತಲಲ್ಲಿ ಬಾವಿಯಿಂದ ನೀರು ಸೇದುವ ಸದ್ದು ಕೇಳಿಸಿತು, ತಂಬಿಗೆಯಿಂದ ನೀರು ಸುರಿಯುವ ಸದ್ದು. ಅಕ್ಕಯಮ್ಮನ ಮುಖ ಸಣ್ಣದಾಯಿತು. "ನಾನೇನಾರ ತಪ್ಪು ಮಾಡುದ್ನಾ ಟೀಚರ್?"

ವೆಂಕಟಲಕ್ಷ್ಮಿ ಅವಳನ್ನು ಹತ್ತಿರ ಕರೆದುಕೊಳ್ಳುತ್ತಿರುವಾಗಲೇ ಜಾನಕಮ್ಮ ಬೇರೆ ಸೀರೆಯುಟ್ಟು ಹೊರಗೆ ಬಂದು ಬಾಗಿಲಲ್ಲಿ ನಿಂತರು.

"ಒಳಗಿರೋದು ಹೊರಗೆ ಬರುತ್ತಾ?" ಎಂದು ಹುಡುಗಿಯನ್ನು ಕೇಳಿದರು.

"ಬರಾಕಿಲ್ಲ ಅಜ್ಜಿ. ಅಪ್ಪ ಅರಾಲ್ಡೈಟ್ ಹಾಕವ್ನೆ."

"ಮತ್ತೆ ನಾನು ಮುಟ್ಟಿದ್ದು ಗಾಜು ತಾನೇ" ಎಂದು ಕೂತು, ಬಾಟ್ಲನ್ನು ಮತ್ತೆ ಎತ್ತಿಕೊಂಡರು. "ಸ್ನಾನ ದಂಡವಾಯಿತು, ಈ ಚಳಿಯಲ್ಲಿ." ಮಕ್ಕಳಿಗಿಂತ ಮೊದಲು ನಕ್ಕದ್ದು ಅವರೇ. ಆಮೇಲೆ ಮಕ್ಕಳಿಗೆ ಬಿಸಿ ಬಿಸಿ ಅವಲಕ್ಕಿ ಮಾಡಿಕೊಟ್ಟು, ಶಾಲಿನ ಕತೆ, ಮೀಸೆಯ ಕತೆ ಎರಡನ್ನೂ ಹೇಳಿದರು.

ಜನವರಿಯಲ್ಲಿ ಕೃಷ್ಣಗಿರಿಗೆ ಬಸ್ಸು ಹೊರಡುವಾಗ ಜಾನಕಮ್ಮನೂ ಹತ್ತಿ ಕೂತರು. ಪ್ರದರ್ಶನದಲ್ಲಿ, ಅಷ್ಟರಲ್ಲಿ ಮಕ್ಕಳು ಅದೇ ರೀತಿ ಮಾಡಿ ಮುಗಿಸಿದ್ದ ಐದು ಬಾಟ್ಲುಗಳ ಹಿಂದೆ ಕುರ್ಚಿ ಹಾಕಿಸಿಕೊಂಡು, ಬಂದವರಿಗೆ ಹಿಮ ಹೇಗೆ ಬೀಳುತ್ತದೆಂದು ಕನ್ನಡದಲ್ಲಿ, ತಮಿಳಿನಲ್ಲಿ, ತೆಲುಗಿನಲ್ಲಿ ಸಾಯಂಕಾಲದವರೆಗೂ ಹೇಳಿದರು. ಏನು ಹಾಕಿದ್ದೀರಿ ಎಂದು ಕೇಳಿದವರನ್ನು ಮಾತ್ರ ಅಕ್ಕಯಮ್ಮನ ಕಡೆಗೆ ಕಳಿಸುತ್ತಿದ್ದರು. ಮೊದಲ ಬಹುಮಾನ ಬೆಂಕಿಕಡ್ಡಿಯಲ್ಲಿ ಕೋಟೆ ಕಟ್ಟಿದ್ದ ಇನ್ನೊಂದು ಶಾಲೆಗೆ ಹೋಯಿತು. ಇವರಿಗೆ ಎರಡನೆಯದು ಬಂತು, ಒಂದು ಗ್ಲೋಬು. ಹಿಂತಿರುಗುವ ಬಸ್ಸಿನಲ್ಲಿ ಅಕ್ಕಯಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಬದರಿ ಎಲ್ಲಿದೆ ತೋರ್ಸಿ ಅಜ್ಜಿ ಎಂದು ಅರ್ಧದಾರಿಯ ಶೂಳಗಿರಿ ದಾಟುವವರೆಗೂ ಬಿಡಲಿಲ್ಲ.